ಜಗಲಿಯ ಎದುರಿನ ಗೋಡೆ

ಅರಕಲಗೂಡು ತಾಲ್ಲೂಕು
12 ಜೂನ್ 2024

ಪ್ರೀತಿಯ ಮೇಷ್ಟ್ರಿಗೆ, ನೀಲಾಂಬಿಕೆಯ ನಮಸ್ಕಾರಗಳು.

ಬಂದು ಸೇರಿದೆ. ಅರಕಲಗೂಡಿನಲ್ಲಿ ಬಸ್ಸಿಳಿದರೆ ಕಾಂತರಾಜು ಅವರೇ ಜೀಪು ತಂದು ಕಾಯುತ್ತಿದ್ದರು. ನನ್ನ ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. "ಏನ್ ಮೇಡಂ, ಕಲ್ಲು ತುಂಬ್ಕೊಂಡು ಬಂದಿದ್ದೀರಾ?" ಎಂದರು. ಕಲ್ಲೂ ಇದೆ, ಗಾಜೂ ಇದೆ, ಒಡೆದ ಟೈಲ್ಸೂ ಇದೆ ಎಂದೆ. "ನಮ್ಮಪ್ಪಾಜೀನ ಒಡ್ಕಲು ಟೈಲ್ಸಲ್ಲಿ ಮಾಡ್ತೀರಾ?" ಎಂದು ಅವರ ಮುಖ ಸಣ್ಣದಾಯಿತು. ಹಾಸನದಲ್ಲಿ ನಾನು ಚೂರು ಜೋಡಿಸಿ ಮಾಡಿದ ಗೋಡೆಚಿತ್ರಗಳ ಫೋಟೊ ತೋರಿಸಿದ ಮೇಲೆ ಸಮಾಧಾನ.

ಕೆಲಸ ಇಷ್ಟು. ಅವರ ತಂದೆ ಪುಟ್ಟಸ್ವಾಮಿಗೌಡರು ಈ ಜನವರಿಯಲ್ಲಿ ತೀರಿಕೊಂಡರು. ಮನೆಯ ಎದುರಿಗೇ ಅವರ ಹೆಸರಿನಲ್ಲಿ ಒಂದು ಭವನ ಕಟ್ಟಿಸಿದ್ದಾರೆ. ಅದರ ಮುಂಗೋಡೆಯ ಮೇಲೆ ಗೌಡರು ಹೊಲದ ನಡುವೆ ನಿಂತಿರಬೇಕು, ಎರಡಾಳೆತ್ತರ. ಗೌರಿ ಹಬ್ಬದೊಳಗೆ ಮುಗಿಸಬೇಕು. ಮುಗಿಯುವವರೆಗೆ ಬೇರೆ ಕೆಲಸ ಹಿಡಿಯುವಂತಿಲ್ಲ, ಪೆಟ್ಟಿಗೆಗಳು ಅವರ ಉಗ್ರಾಣದಲ್ಲೇ ಇರಬೇಕು ಎಂದು ಒಪ್ಪಂದ. ಮೂರು ತಿಂಗಳ ಮಾತಲ್ಲವೇ, ಸಹಿ ಹಾಕಿದೆ.

ಆಮೇಲೆ ಚನ್ನರಾಯಪಟ್ಟಣದ ಗ್ರಂಥಾಲಯದ ಗೋಡೆ. ಅದನ್ನು ನೆನೆಸಿಕೊಂಡೇ ಇಲ್ಲಿ ದಿನ ನೂಕುತ್ತೇನೆ. ಕೆರೆ ಏರಿಯ ಮೇಲೆ ಪುಸ್ತಕ ಓದುತ್ತಾ ನಡೆಯುವ ಹೆಂಗಸು. ದೇವರಲ್ಲ, ನವಿಲಲ್ಲ, ಯಾರ ಅಪ್ಪನೂ ಅಲ್ಲ. ಯಾರೂ ಹೇಳಿ ಮಾಡಿಸದ ನನ್ನ ಮೊದಲ ಚಿತ್ರ.

ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿನ ಪಕ್ಕದ ಕೋಣೆ ಕೊಟ್ಟಿದ್ದಾರೆ. ಗೋಡೆಯೆಲ್ಲ ಅದೇ ವಾಸನೆ. ಕಾಂತರಾಜು ಅವರ ತಾಯಿ ದೊಡ್ಡತಾಯಮ್ಮನವರು ಬೆಳಗಿನಿಂದ ಸಂಜೆವರೆಗೂ ಜಗಲಿಯಲ್ಲಿ ಕೂತಿರುತ್ತಾರೆ. ಮಾತು ಕಡಿಮೆ.

ಗಂಟಲು ಹೇಗಿದೆ? ಆಪರೇಷನ್ ಆದ ಮೇಲೆ ನಿಮಗೆ ಫೋನು ಮಾಡಿದರೆ ನಾನೊಬ್ಬಳೇ ಮಾತಾಡಿ ಇಡಬೇಕು. ಕಾಗದವೇ ವಾಸಿ.

ನಿಮ್ಮ
ನೀಲಾ


ರುದ್ರಪಟ್ಟಣ
25 ಜೂನ್ 2024

ಚಿ. ನೀಲಾಳಿಗೆ ಆಶೀರ್ವಾದಗಳು.

ಊರಿಗೆ ಊರೇ ಹಾಡುವ ಕಡೆ ದನಿಯಿಲ್ಲದವನಾಗಿ ಬದುಕುವುದು ಒಂದು ವಿಶೇಷವೇ. ಯಾರಾದರೂ ಮಾತಾಡಿಸಿದರೆ ಸ್ಲೇಟು ತೋರಿಸುತ್ತೇನೆ. ತಕ್ಷಣ ಅವರೂ ಕೈಸನ್ನೆ ಮಾಡಲು ಶುರು ಮಾಡುತ್ತಾರೆ, ನನಗೆ ಕಿವಿಯೂ ಹೋಗಿದೆ ಎಂಬಂತೆ. ಕಮಲಾಕ್ಷಿಗೆ ಮಾತ್ರ ಆರಾಮ. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಅವಳ ಮಾತು ಕೊನೆ ಮುಟ್ಟುತ್ತಿದೆ.

ಕೆಲಸದ ವಿಷಯ. ಬಟ್ಟೆ, ಹೊಲ, ಆಕಾಶ ಮೊದಲು ಮುಗಿಸು. ಮುಖ ಕೊನೆಗಿರಲಿ. ಗದ್ದದಿಂದ ಮೇಲಕ್ಕೆ ಬಾ, ಕಣ್ಣನ್ನು ಕಡೆಯ ದಿನ ಕೂರಿಸು. ಕೆನ್ನೆ ಎತ್ತ ಇಳಿಯುತ್ತದೋ ಚೂರಿನ ಸಾಲೂ ಅತ್ತಲೇ ಇಳಿಯಬೇಕು, ಅಡ್ಡ ಬಂದರೆ ಮುಖ ಗೋಡೆಯಾಗೇ ಉಳಿಯುತ್ತದೆ. ಇದೆಲ್ಲ ನಿನಗೆ ಗೊತ್ತು. ಆದರೂ ಮೇಷ್ಟರಾದವನು ಹೇಳಬೇಕು.

ಚನ್ನರಾಯಪಟ್ಟಣದ ಹೆಂಗಸಿಗೆ ಕೆರೆಯ ನೀಲಿ ಸೀರೆ ಉಡಿಸಬೇಡ, ನೀರಿನಲ್ಲಿ ಕರಗಿಹೋಗುತ್ತಾಳೆ.

ಇಂತಿ,
ಚಂದ್ರಮೌಳಿ


ಅರಕಲಗೂಡು ತಾಲ್ಲೂಕು
3 ಆಗಸ್ಟ್ 2024

ಪ್ರೀತಿಯ ಮೇಷ್ಟ್ರಿಗೆ,

ನೀವು ಹೇಳಿದಂತೆಯೇ ಮಾಡಿದೆ. ಕಣ್ಣು ಕೂರಿಸಿ ಕೆಳಗಿಳಿದ ದಿನ ಕಾಂತರಾಜು ಗೋಡೆಯ ಮುಂದೆ ನಿಂತು ಅತ್ತೇಬಿಟ್ಟರು. "ಅಪ್ಪಾಜಿ ಎದ್ದು ಬಂದಂಗದೆ ಮೇಡಂ" ಎಂದರು. ಆಮೇಲೆ ತಾಯಿಯನ್ನು ಕೂಗಿದರು. ಅವರು ಜಗಲಿ ಇಳಿಯಲಿಲ್ಲ. ಕೂತಲ್ಲಿಂದಲೇ ಬಹಳ ಹೊತ್ತು ನೋಡಿದರು.

"ಇವ್ರಲ್ಲ" ಎಂದರು.

"ಸರ್ಯಾಗಿ ನೋಡವ್ವಾ."

"ನೋಡ್ದೆ ಕಣ್ಲಾ. ಇವ್ರಲ್ಲ."

ಕಾಂತರಾಜು ನನ್ನ ಕಡೆ ತಿರುಗಿದರು. ಈಗ ತಾನೇ ಅತ್ತ ಕಣ್ಣು ಇನ್ನೂ ಒದ್ದೆ. "ಐವತ್ತು ವರ್ಷ ಬಾಳಿರೋರು ನಮ್ಮವ್ವ. ಅವ್ರು ಅಲ್ಲ ಅಂದ್ರೆ ಅಲ್ಲ. ಇನ್ನೊಂದ್ಸಲ ಮಾಡಿ" ಎಂದರು.

ಅಂಟು ಒಣಗಿದ ಮೇಲೆ ಕೀಳುವುದೆಂದರೆ ನಿಮಗೆ ಗೊತ್ತಲ್ಲ. ಒಂದೊಂದು ಚೂರೂ ಉಳಿಯ ಏಟಿಗೆ ಪುಡಿ. ಮತ್ತೆ ಕತ್ತರಿಸಿ, ಮತ್ತೆ ಕೂರಿಸಿ, ನಿನ್ನೆ ಎರಡನೆಯ ಮುಖ ಮುಗಿಯಿತು. ಅಮ್ಮ ಮತ್ತೆ ಅದೇ ಮಾತು. ನನ್ನ ಹತ್ತಿರ ಇರುವುದು ಸೊಸೈಟಿ ಆಫೀಸಿನ ಒಂದು ಫೋಟೊ ಮಾತ್ರ. ಅದರಲ್ಲಿರುವಂತೆ ಕೂದಲೆಳೆ ತಪ್ಪದೆ ಮಾಡಿದ್ದೇನೆ. ಎಲ್ಲಿ ತಪ್ಪುತ್ತಿದೆ ಮೇಷ್ಟ್ರೇ?

ಮಿಕ್ಕಂತೆ ಚೆನ್ನಾಗಿದ್ದೇನೆ. ಕೈ ಚೆನ್ನಾಗಿದೆ.

ನೀಲಾ


ರುದ್ರಪಟ್ಟಣ
21 ಆಗಸ್ಟ್ 2024

ಚಿ. ನೀಲಾ,

ಆ ಅಮ್ಮನಿಗೆ ಕಣ್ಣಿದೆ. ನನಗೆ ಸಂತೋಷವಾಯಿತು. ನನ್ನ ಗೋಡೆಗಳನ್ನು ಅಷ್ಟು ಹೊತ್ತು ನೋಡಿದವರು ಯಾರೂ ಇರಲಿಲ್ಲ.

ಫೋಟೊ ನೋಡಿ ಮಾಡಿದ ಮುಖ ಫೋಟೊವನ್ನು ಹೋಲುತ್ತದೆ, ಮನುಷ್ಯನನ್ನಲ್ಲ. ಕೆನ್ನೆಗೆ ಬಿಳಿ ಗಾಜು ಹಾಕಿದ್ದೀಯಲ್ಲವೇ? ತೆಗೆ. ಹೆಂಚಿನ ಚೂರು ಹಾಕು, ಬಿಸಿಲಲ್ಲಿ ತಿರುಗಿದವನ ಕೆನ್ನೆ ಅದು. ತುಟಿಯ ಅಂಚನ್ನು ಸ್ವಲ್ಪ ಮೇಲಕ್ಕೆತ್ತು. ತನ್ನ ಗಂಡ ನಗುತ್ತಿದ್ದರೆ ಯಾವ ಹೆಂಡತಿ ಒಲ್ಲೆ ಎನ್ನುತ್ತಾಳೆ?

ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ದೋಷ.

ಚಂದ್ರಮೌಳಿ


ಅರಕಲಗೂಡು ತಾಲ್ಲೂಕು
20 ಸೆಪ್ಟೆಂಬರ್ 2024

ಮೇಷ್ಟ್ರೇ,

ಹೆಂಚು ಹಾಕಿದೆ. ತುಟಿ ಎತ್ತಿದೆ. ಅಮ್ಮ ನೋಡಿದರು. "ನಗ್ತಾ ಅವ್ರಾ?" ಎಂದು ಕೇಳಿದರು. ಹೌದಮ್ಮ ಎಂದೆ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅವರು ನಕ್ಕದ್ದನ್ನು ನೋಡಿದೆ. ಒಣ ನಗು, ಕೆಮ್ಮಿನ ಥರ. "ಇವ್ರಂತೂ ಅಲ್ವೇ ಅಲ್ಲ ಕಣವ್ವ" ಎಂದು ಎದ್ದು ಒಳಗೆ ಹೋದರು.

ಗೌರಿ ಹಬ್ಬ ಹೋಯಿತು. ಈಗ ಉದ್ಘಾಟನೆಯನ್ನು ಜನವರಿಯ ವರ್ಷದ ತಿಥಿಗೆ ಮುಂದೂಡಿದ್ದಾರೆ. ಚನ್ನರಾಯಪಟ್ಟಣದವರಿಗೆ ಇನ್ನೆರಡು ತಿಂಗಳು ತಡೆಯಿರಿ ಎಂದು ಫೋನು ಮಾಡಿದೆ. "ನಮ್ಗೂ ಮೇಲಿನೋರು ಕೇಳ್ತಾರಲ್ಲಮ್ಮ" ಎಂದರು. ಗೋಡೆಗೆ ಬಣ್ಣ ಹೊಡೆಸಿ, ಶಾಲೆಯ ಪೇಂಟರ್ ಕೈಲಿ ಭಾರತದ ಭೂಪಟ ಬರೆಸಿದರಂತೆ. ನನ್ನ ಹೆಂಗಸಿಗೆ ಇನ್ನು ಏರಿಯೂ ಇಲ್ಲ, ಕೆರೆಯೂ ಇಲ್ಲ.

ಸುದ್ದಿ ಕೇಳಿದ ದಿನ ಕೈಚೀಲ ಹಿಡಿದು ಬಸ್ ಸ್ಟಾಪಿಗೆ ನಡೆದೆ. ಬಸ್ಸು ಬರುವ ಮೊದಲೇ ಕಾಂತರಾಜು ಬೈಕಿನಲ್ಲಿ ಬಂದರು. ಕೂಗಾಡಲಿಲ್ಲ. ಪಕ್ಕದಲ್ಲಿ ನಿಂತು, "ಮೇಡಂ, ಯಾರೂ ನಿಮ್ಮನ್ನ ಹಿಡ್ಕೊಂಡಿಲ್ಲ. ಮುಖ ಮುಗ್ಸಿ, ಹೋಗಿ. ಮುಖ ಇಲ್ದೆ ನಮ್ಮಪ್ಪನ್ನ ಬೀದೀಲಿ ನಿಲ್ಸಿ ಹೋಗ್ತೀರಾ?" ಎಂದರು. ತಿರುಗಿ ನೋಡಿದೆ. ಅಲ್ಲಿಂದಲೂ ಗೋಡೆ ಕಾಣುತ್ತಿತ್ತು. ಬಿಳಿ ಪಂಚೆ, ಬಿಳಿ ಶರಟು, ಕತ್ತಿನ ಮೇಲೆ ಬೋಳು ಸಿಮೆಂಟು. ಹಿಂದಕ್ಕೆ ಬಂದೆ. ನನ್ನ ಗಾಜು, ನನ್ನ ಉಳಿ, ಇಷ್ಟು ವರ್ಷ ಊರೂರು ತಿರುಗಿ ಆರಿಸಿದ ಚೂರು, ಎಲ್ಲ ಅವರ ಉಗ್ರಾಣದಲ್ಲಿವೆ. ಬೆಳಿಗ್ಗೆ ಬೀಗ ತೆಗೆಯುತ್ತಾರೆ, ಸಂಜೆ ಹಾಕುತ್ತಾರೆ.

ಮಣಿಕಟ್ಟು ಊದಿ ಎರಡು ತಿಂಗಳಾಯಿತು. ಹಿಂದಿನ ಕಾಗದದಲ್ಲಿ ಕೈ ಚೆನ್ನಾಗಿದೆ ಎಂದು ಬರೆದದ್ದು ಸುಳ್ಳು.

ನಿಮ್ಮ ಕಾಗದ ನಾಲ್ಕಾರು ಸಾಲಿಗೆ ಇಳಿದಿದೆ. ಒಂದೇ ಮುಖದ ಕಥೆ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ನಾನು ಕೇಳಿದ್ದು ಎಲ್ಲಿ ತಪ್ಪಿದೆ ಎಂದು. ನೀವು ಹೇಳಿದ್ದು ಹೆಂಚು.

ನೀಲಾಂಬಿಕೆ


ಹಾಸನ
4 ಅಕ್ಟೋಬರ್ 2024

ನೀಲಾ,

ಹಾಸನಕ್ಕೆ ಮಗಳ ಮನೆಗೆ ಬಂದಿದ್ದೇನೆ. ಕಾಗದ ಇಲ್ಲಿಗೆ ತಲುಪಿತು.

ನಿನ್ನ ಸಿಟ್ಟು ಸರಿ. ಇನ್ನು ಸಲಹೆ ಹೇಳುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಆ ಅಮ್ಮ ಕೂರುವ ಜಾಗದಲ್ಲಿ ನೀನು ಯಾವತ್ತಾದರೂ ಕೂತಿದ್ದೀಯಾ?

ಗೋಡೆ ಮಾಡುವ ನಾವು ಅದರ ಮುಂದೆ ಸಾರುವೆ ಕಟ್ಟಿಕೊಂಡು ಹತ್ತಿ ನಿಲ್ಲುತ್ತೇವೆ, ಮುಗಿಸಿ ಹೊರಟುಬಿಡುತ್ತೇವೆ. ಅದರ ಎದುರಿಗೇ ದಿನವೆಲ್ಲ ಬಿದ್ದಿರಬೇಕಾದವರಿಗೆ ಅದು ಹೇಗಿರುತ್ತದೆಂದು ನಾನು ಈ ವಯಸ್ಸಿನವರೆಗೂ ಯೋಚಿಸಿರಲಿಲ್ಲ. ಈಗ ಯಾಕೆ ಯೋಚಿಸಿದೆ ಎಂದು ಕೇಳಬೇಡ.

ಚಂದ್ರಮೌಳಿ


ಅರಕಲಗೂಡು ತಾಲ್ಲೂಕು
24 ಅಕ್ಟೋಬರ್ 2024

ಮೇಷ್ಟ್ರೇ,

ಕೂತೆ. ಮಧ್ಯಾಹ್ನ ಕಾಂತರಾಜು ಶುಂಠಿ ಹೊಲಕ್ಕೆ ಹೋಗಿದ್ದಾಗ ಅಮ್ಮನ ಪಕ್ಕ ಜಗಲಿಯಲ್ಲಿ ಕೂತು ಅವರ ಜೊತೆ ಬೆಳ್ಳುಳ್ಳಿ ಬಿಡಿಸಿದೆ. ತಲೆ ಎತ್ತಿದರೆ ಗೋಡೆ. ಬೇರೇನೂ ಕಾಣುವುದಿಲ್ಲ. ಬೀದಿಯ ಒಂದು ತುಂಡು, ಮೇಲೆ ಸ್ವಲ್ಪ ಆಕಾಶ, ಉಳಿದದ್ದೆಲ್ಲ ಗೌಡರು.

"ಅಮ್ಮ, ಅವರು ಹೇಗಿದ್ದರು? ನೀವೇ ಹೇಳಿ, ಹಾಗೇ ಮಾಡುತ್ತೇನೆ" ಎಂದೆ.

ಅವರು ಬೆಳ್ಳುಳ್ಳಿಯಿಂದ ಕಣ್ಣು ತೆಗೆಯಲಿಲ್ಲ. "ಅವ್ರು ಇದ್ದಾಗ ನಾನಿಲ್ಲಿ ಕೂತಿದ್ದೇ ಇಲ್ಲ ಕಣ್ ಮಗ. ಜಗಲಿ ಅವ್ರದು. ನಾನು ಒಸ್ಲು ದಾಟುದ್ರೆ ಸಾಕು, ಇಲ್ಲಿಂದ್ಲೇ ತಿರುಗಿ ನೋಡೋರು. ಒಡೀತಿರ್ಲಿಲ್ಲ, ಬೈತಿರ್ಲಿಲ್ಲ. ನೋಡೋರು ಅಷ್ಟೇ. ಆ ನೋಟ ಬಿದ್ರೆ ಕೈಲಿದ್ದ ಚೊಂಬು ಜಾರೋಗದು. ಅವ್ರು ಓದ್ಮೇಲೆ ಒಂದಿನ ಬಂದು ಕೂತ್ಕಂಡೆ. ಯಾರೂ ಏನೂ ಅನ್ನಲಿಲ್ಲ. ಬಿಸ್ಲು ಬಂತು, ಗಾಳಿ ಬಂತು, ಓಗೋರು ಬರೋರು ಮಾತಾಡ್ಸುದ್ರು. ಇಷ್ಟು ವಯಸ್ಸಾದ್ಮೇಲೆ ನಮ್ಮೂರ ಬೀದಿ ನೋಡ್ದೆ."

"ಮತ್ತೆ ಇವರಲ್ಲ ಅಂದಿರಲ್ಲಮ್ಮ?"

"ಮೊದಲ್ನೇ ಸಲವೇ ಅವ್ರೇ ಆಗಿದ್ರು ಕಣವ್ವ. ಕಣ್ಣೂ ಅದೇ ಕಣ್ಣು. ಅದ್ಕೇ ಅಲ್ಲ ಅಂದೆ."

ನನ್ನ ಬೆರಳಿನಲ್ಲಿದ್ದ ಎಸಳು ಕೆಳಗೆ ಬಿತ್ತು. ಮಗನಿಗೆ ಹೇಳಬಾರದಿತ್ತೇ ಎಂದೆ.

"ಅವ್ನಿಗೆ ಅಪ್ಪ ಅಂದ್ರೆ ದ್ಯಾವ್ರು. ದ್ಯಾವ್ರ ಬಗ್ಗೆ ನಾನು ಏನಂತ ಯೇಳ್ಲಿ?" ಎಂದು ನನ್ನ ಊದಿದ ಮಣಿಕಟ್ಟನ್ನು ಮುಟ್ಟಿದರು. "ನೀನು ಮುಗಿಸ್ಬ್ಯಾಡ ಮಗ. ಕಿತ್ತು ಕಿತ್ತು ಮಾಡ್ತಿರು. ಊಟಕ್ಕೇನೂ ಕಮ್ಮಿ ಮಾಡಾಕಿಲ್ಲ."

ಈಗ ಹೇಳಿ. ನಾನು ಮುಗಿಸಿದರೆ ನನಗೆ ಬಿಡುಗಡೆ, ಅವರಿಗೆ ಸಾಯುವವರೆಗೆ ಆ ಕಣ್ಣು. ಮುಗಿಸದಿದ್ದರೆ ಅವರಿಗೆ ಜಗಲಿ, ನನಗೆ ಈ ಬ್ಯಾರನ್ನು. ನಾಲ್ಕನೆಯ ಮುಖ ಗದ್ದದವರೆಗೆ ಬಂದಿದೆ. ದಿನಕ್ಕೆ ನಾಲ್ಕೈದು ಚೂರು ಕೂರಿಸಿ, ಕೈ ನೋವು ಎಂದು ಇಳಿದುಬಿಡುತ್ತೇನೆ. ಏನು ಮಾಡಲಿ ಮೇಷ್ಟ್ರೇ?

ನೀಲಾ


ಹಾಸನ
15 ನವೆಂಬರ್ 2024

ನೀಲಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಆಗಸ್ಟಿನಿಂದಲೇ ಸೋಲುತ್ತಿತ್ತು. ಮಗಳ ಮನೆ ಎಂದಿದ್ದು ಸುಳ್ಳು, ಇದು ಆಸ್ಪತ್ರೆ. ಗಂಟಲಿನದು ಮತ್ತೆ ಬಂದಿದೆ, ಬೇರೆ ಕಡೆಗೂ ಹೋಗಿದೆ. ನೀನು ಕೆಲಸ ಬಿಟ್ಟು ಓಡಿ ಬರುತ್ತೀಯೆಂದು ಹೇಳಲಿಲ್ಲ.

ನನ್ನ ಮಂಚದ ಎದುರಿಗೆ ಔಷಧಿ ಕಂಪನಿಯವರ ಒಂದು ಚಿತ್ರ ಗೋಡೆಗೆ ಅಂಟಿಸಿದ್ದಾರೆ. ಕೊಬ್ಬಿದ ಮಗು ನಗುತ್ತಿದೆ. ಎದ್ದರೆ ಅದು, ಮಲಗಿದರೆ ಅದು. ತೆಗೆಯಿರಿ ಎಂದು ಹೇಳಲು ದನಿಯಿಲ್ಲ. ಸ್ಲೇಟಿನ ಮೇಲೆ ಬರೆದರೆ ನರ್ಸ್ ಹುಡುಗಿ, "ಅಜ್ಜಾ, ಪಾಪು ಚೆನ್ನಾಗೈತಲ್ಲಾ" ಎನ್ನುತ್ತಾಳೆ.

ಏನು ಮಾಡಲಿ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.

ಚಂ.


ಅರಕಲಗೂಡು ತಾಲ್ಲೂಕು
9 ಡಿಸೆಂಬರ್ 2024

ಮೇಷ್ಟ್ರೇ,

ನಿಮ್ಮ ಕಾಗದ ಬಂದ ದಿನ ಬ್ಯಾರನ್ನಿನ ಹಿಂದೆ ಕೂತು ಅಳುತ್ತಿದ್ದೆ. ದೊಡ್ಡತಾಯಮ್ಮ ಕೋಲೂರಿಕೊಂಡು ಅಲ್ಲಿಗೇ ಬಂದರು. ಎಲ್ಲ ಹೇಳಿದೆ. ನಮ್ಮ ಮೇಷ್ಟ್ರು ಮಲಗಿದ್ದಾರೆ, ನಾನು ಹೋಗಬೇಕು ಎಂದೆ. ಅವರು ಬಂದ ಹಾಗೆಯೇ ಮನೆಯ ಕಡೆ ನಡೆದರು.

ಆಮೇಲೆ ಎರಡು ವಾರ ಅವರೇ ಬಂದು ಬಂದು ಮುಖ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ನಿನ್ನೆ ನಾಲ್ಕನೆಯ ಮುಖ ಮುಗಿಯಿತು. ಕಾಂತರಾಜು ಕರೆಯುವ ಮೊದಲೇ ಜಗಲಿಯಿಂದ ಕೂಗಿ ಹೇಳಿದರು: "ಇವ್ರೇ ಕಣ್ಲಾ. ಈಗ ಸರಿಯಾಯ್ತು. ಆ ಮಗೀನ ಕಳ್ಸು."

ಕಾಂತರಾಜು ನನ್ನ ಎರಡೂ ಕೈ ಹಿಡಿದುಕೊಂಡರು. ಉಗ್ರಾಣದ ಬೀಗದ ಕೈ ಕೊಟ್ಟರು. ಇವತ್ತು ಬೆಳಿಗ್ಗೆ ಇರುಮುಡಿ ಕಟ್ಟಿಕೊಂಡು ಶಬರಿಮಲೆಗೆ ಹೊರಟರು, ಬರುವುದು ಒಂದು ವಾರ. ನಾಳೆ ನನ್ನನ್ನು ಬಿಟ್ಟು ಬರಲು ಜೀಪಿಗೆ ಹೇಳಿಹೋಗಿದ್ದಾರೆ.

ಪೆಟ್ಟಿಗೆ ಕಟ್ಟಿಯಾಯಿತು. ಅಮ್ಮ ಬೆಳಿಗ್ಗೆಯೇ ಚಾಪೆ ಸುತ್ತಿಕೊಂಡು ನಡುಮನೆಯ ಕತ್ತಲೆ ಕೋಣೆಗೆ ಹೋದರು. ಜಗಲಿ ಖಾಲಿ ಇದೆ. ಗೌಡರು ಅದನ್ನೇ ನೋಡುತ್ತಿದ್ದಾರೆ.

ನಾಳೆ ಹೊರಡುತ್ತೇನೆ.

ನೀಲಾ


ಹಾಸನ
30 ಡಿಸೆಂಬರ್ 2024

ಚಿ. ಸೌ. ನೀಲಾಂಬಿಕೆಗೆ, ಕಮಲಾಕ್ಷಮ್ಮನ ಆಶೀರ್ವಾದ.

ನೀನು ಬರುತ್ತೀಯೆಂದು ಇವರು ದಿನವೂ ಬಾಗಿಲು ನೋಡುತ್ತಾರೆ. ಈಗ ಎಡಗೈಯೂ ಏಳುವುದಿಲ್ಲ. ನಿನ್ನೆ ಕಷ್ಟಪಟ್ಟು ಸ್ಲೇಟಿನ ಮೇಲೆ ಮೂರು ಮಾತು ಬರೆದರು, ಹಾಗೇ ಕಳಿಸುತ್ತಿದ್ದೇನೆ: "ಹೋದಳೋ? ಉಳಿದಳೋ? ಕೇಳು." ನನಗೆ ಅರ್ಥವಾಗಲಿಲ್ಲ, ನಿನಗೆ ಆಗಬಹುದು.


ಅರಕಲಗೂಡು ತಾಲ್ಲೂಕು
20 ಜನವರಿ 2025

ಮೇಷ್ಟ್ರೇ,

ಕಮಲಾಕ್ಷಮ್ಮ ಇದನ್ನು ನಿಮಗೆ ಓದಿ ಹೇಳಲಿ. ಉಳಿದೆ.

ಜೀಪು ಬಂದು ನಿಂತಿತ್ತು. ಹೇಳಿ ಹೊರಡೋಣವೆಂದು ಕತ್ತಲೆ ಕೋಣೆಗೆ ಹೋದೆ. "ಓಗು ಮಗ, ನಿಮ್ಮ ಮೇಷ್ಟ್ರ ನೋಡೋಗು. ನಂಗೆ ಒಳಗೆ ಇದ್ದು ಅಭ್ಯಾಸ ಅದೆ" ಎಂದರು. ಅದನ್ನು ಕೇಳಿದ ಮೇಲೆ ಕಾಲು ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಕೇಳಿದೆ: "ಅಮ್ಮ, ಅವರನ್ನು ನೋಡಿದರೆ ನಿಮಗೆ ಹಗುರ ಅನಿಸುತ್ತಿದ್ದ ಹೊತ್ತು ಯಾವುದಾದರೂ ಇತ್ತಾ?"

"ಬೆಳಗ್ಗೆ ಒಲಕ್ಕೆ ಓಗೋವಾಗ. ತಲೆಗೆ ಟವಲ್ ಸುತ್ಕಂಡು ಓಗೋರು. ಆ ಓಣಿ ತಿರುಗೋಗಂಟ ಕಿಟಕೀಲಿ ನೋಡ್ತಾ ನಿಂತಿರ್ತಿದ್ದೆ. ತಿರುಗುದ್ಮೇಲೆ ಉಸ್ರು ಬಿಡ್ತಿದ್ದೆ."

ಜೀಪನ್ನು ವಾಪಸು ಕಳಿಸಿ ಪೆಟ್ಟಿಗೆ ಬಿಚ್ಚಿದೆ. ಮುಖ ಕಿತ್ತೆ, ಐದನೆಯ ಬಾರಿ ಕೀಳಬಾರದೆಂದು ಬುಡದ ತನಕ ಕಿತ್ತೆ. ಶರಟಿನ ಗುಂಡಿ ಕಿತ್ತೆ. ಕಾಲ್ಬೆರಳಿದ್ದ ಕಡೆ ಹಿಮ್ಮಡಿ ಕೂರಿಸಿದೆ. ತಲೆಗೆ ಕೆಂಪು ಅಂಚಿನ ಟವಲು. ಅವರ ಮುಂದೆ ಹೊಲದೊಳಗೆ ಹೋಗುವ ದಾರಿ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಆ ವಾರ ಮಾಡಿದಷ್ಟು ಕೆಲಸ ಇಡೀ ವರ್ಷ ಮಾಡಿರಲಿಲ್ಲ.

ಕಾಂತರಾಜು ಪ್ರಸಾದದ ಡಬ್ಬ ಹಿಡಿದೇ ಜೀಪಿಳಿದರು. "ಅಪ್ಪಾಜಿ ಮುಖ ಎಲ್ಲಿ?" ಎಂದರು. ಮತ್ತೆ ಅದನ್ನೇ ಕೇಳಿದರು. "ಯಾರ್ನ ಕೇಳಿ ಕಿತ್ರಿ? ಇನ್ನೇನು ತಿಥಿ ಬಂತು. ಜನದ ಮುಂದೆ ನಮ್ಮಪ್ಪ ಬೆನ್ನು ತೋರಿಸ್ಕೊಂಡು ನಿಂತ್ಕೋಬೇಕಾ?" ಗಾರೆಯವನನ್ನು ಕರೆಸಿ ಎಲ್ಲದರ ಮೇಲೂ ಸಿಮೆಂಟು ಬಳಿಸಿಬಿಡುತ್ತೇನೆ ಎಂದು ಕೂಗುತ್ತಿದ್ದಾಗ ದೊಡ್ಡತಾಯಮ್ಮ ಹೊಸ್ತಿಲು ದಾಟಿ ಬಂದರು.

"ನಂಗೋಸ್ಕರ ಮಾಡವ್ಳೆ ಕಣ್ಲಾ. ಆ ಮಗೀನ ಯಾಕ್ ಬೈತೀಯ?"

"ನೀನೇ ಅಲ್ವೇನವ್ವಾ ಸರಿಯಾಯ್ತು ಅಂದಿದ್ದು?"

"ಸರಿಯಾಗಿದ್ರು. ಅದ್ಕೇ ಬ್ಯಾಡ." ಅವರು ಕೋಲನ್ನು ಗೋಡೆಯ ಕಡೆ ತೋರಿಸಿದರು. "ಅವ್ರು ನನ್ನ ನೋಡಿದ್ದು ಸಾಕು ಕಣಪ್ಪ."

ಕಾಂತರಾಜು ಡಬ್ಬವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ಗಾರೆಯವನು ಬರಲಿಲ್ಲ. ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು, ಸಾರುವೆ ಹತ್ತಿದೆ. ಕಾಂತರಾಜು ಬೇಡವೆನ್ನಲಿಲ್ಲ, ಮುಗಿಯುವವರೆಗೂ ನನ್ನ ಜೊತೆ ಮಾತೂ ಆಡಲಿಲ್ಲ.

ಮೊನ್ನೆ ತಿಥಿ. ಗೋಡೆಯ ಪಕ್ಕ ಗೌಡರ ಫೋಟೊದ ಫ್ಲೆಕ್ಸ್ ನಿಲ್ಲಿಸಿ ಅದಕ್ಕೇ ಹಾರ ಹಾಕಿಸಿದರು. ಬಂದವರು ಫ್ಲೆಕ್ಸಿಗೆ ಕೈ ಮುಗಿದರು, ಆಮೇಲೆ ಗೋಡೆಯ ಮುಂದೆ ನಿಂತರು. ಯಾರಿದು ಎಂದು ಒಬ್ಬರೂ ಕೇಳಲಿಲ್ಲ. ಗೌಡರ ಹೊಲದಲ್ಲೇ ಮುದುಕನಾದ ಚಿಕ್ಕಯ್ಯ ಎಂಬುವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಯ್ಯೋ, ನಮ್ ಗೌಡ್ರೇ! ನಡ್ಗೆ ನೋಡ್ರಲಾ. ಅವ್ರ ಮಕ ಯಾರು ಸರ್ಯಾಗಿ ನೋಡುದ್ದು? ಎದುರ್ಗೆ ಬಂದ್ರೆ ತಲೆ ಬಗ್ಗುಸ್ಕಂಡು ನಿಲ್ತಿದ್ವಿ, ಮುಂದಕ್ಕೆ ಓದ್ಮೇಲೇ ತಲೆ ಎತ್ತುತಿದ್ದುದ್ದು." ಯಾರೋ ನಕ್ಕರು. ಹಾಗೇ ನಿಲ್ಲಿಸಿದರು. ಕಾಂತರಾಜು ಅಲ್ಲೇ ನೀರು ಕೊಡುತ್ತಾ ನಿಂತಿದ್ದರು. ಲೋಟಗಳ ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟು ಬ್ಯಾರನ್ನಿನ ಕಡೆ ನಡೆದುಬಿಟ್ಟರು. ಪಂಕ್ತಿ ಮುಗಿದರೂ ಬರಲಿಲ್ಲ.

ಸಂಜೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಇರ್ಲಿ ಬಿಡಿ ಮೇಡಂ. ನಿಮ್ಮ ಹೆಸ್ರು ಮಾತ್ರ ಹಾಕ್ಬೇಡಿ. ಫೋಟೊ ತೆಗ್ದು ಎಲ್ಲೂ ತೋರಿಸ್ಬೇಡಿ" ಎಂದರು. ಒಪ್ಪಿಕೊಂಡೆ. ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು ಇದು ಮೇಷ್ಟ್ರೇ, ಇದನ್ನು ತೋರಿಸಿ ಇನ್ನೊಂದು ಕೆಲಸ ಕೇಳುವ ಹಾಗಿಲ್ಲ. ಚನ್ನರಾಯಪಟ್ಟಣದ ಗೋಡೆಯ ಮೇಲೆ ಭೂಪಟವಿದೆ. ಮಣಿಕಟ್ಟು ಇನ್ನು ಮೊದಲಿನಂತಾಗುವುದಿಲ್ಲವೆಂದು ಅರಕಲಗೂಡಿನ ಡಾಕ್ಟರು ಹೇಳಿದ್ದಾರೆ. ಸದ್ಯಕ್ಕೆ ಮುಂದೇನೆಂದು ಗೊತ್ತಿಲ್ಲ.

ನಾಳೆ ಮೊದಲ ಬಸ್ಸಿಗೆ ಹಾಸನಕ್ಕೆ ಬರುತ್ತೇನೆ. ಬಂದ ಕೂಡಲೇ ಆ ನಗುವ ಮಗುವನ್ನು ಗೋಡೆಯಿಂದ ಕೀಳುತ್ತೇನೆ. ಯಾರಾದರೂ ಕೇಳಿದರೆ ಅದೇ ನನ್ನ ಕಸುಬು ಎನ್ನುತ್ತೇನೆ.

ಇದನ್ನು ಬರೆಯುತ್ತಾ ಕಿಟಕಿಯಲ್ಲಿ ನೋಡುತ್ತಿದ್ದೇನೆ. ಬಿಸಿಲು ಇಳಿಯುತ್ತಿದೆ. ದೊಡ್ಡತಾಯಮ್ಮ ಜಗಲಿಯ ಕಂಬಕ್ಕೆ ಒರಗಿದ್ದಾರೆ. ಗೌಡರ ಗೋಡೆಯ ಕಡೆಗೇ ಎರಡೂ ಕಾಲು ನೀಡಿಕೊಂಡು ಕೂತಿದ್ದಾರೆ.

ನಿಮ್ಮ
ನೀಲಾ